ನಿಲ್ಲಿಸುವ ವಿದ್ಯೆ

ಕಾಳಿದಾಸನ ಶಾಕುಂತಲ ನಾಟಕ ತೊಡಗುವುದು ಓಡುತ್ತಿರುವ ಒಂದು ರಥದಿಂದ. ದುಷ್ಯಂತ ಜಿಂಕೆಯೊಂದನ್ನು ಬೆನ್ನಟ್ಟಿದ್ದಾನೆ. ರಥದ ವೇಗಕ್ಕೆ ತಾನೇ ಬೆರಗಾಗಿ ಅದನ್ನು ವರ್ಣಿಸುತ್ತಾನೆ. ಆ ವರ್ಣನೆಯನ್ನು ತರಗತಿಗಳಲ್ಲಿ ಪಾಠ ಹೇಳಿದವರೂ ಕೇಳಿದವರೂ ನಮ್ಮಲ್ಲಿ ಅನೇಕರಿದ್ದಾರೆ. ಅದರ ಬೆನ್ನಿಗೇ ನಡೆಯುವ ಸಂಗತಿಯ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿಯುವುದಿಲ್ಲ. ಬಾಣಕ್ಕೂ ಜಿಂಕೆಗೂ ನಡುವೆ ತಪಸ್ವಿಗಳು ಬಂದು ನಿಂತಿದ್ದಾರೆಂದು ಸಾರಥಿ ತಿಳಿಸಿದೊಡನೆ, ಕುದುರೆಗಳನ್ನು ಬಿಗಿಹಿಡಿಯೆಂದು ರಾಜ ಅವಸರದಿಂದ ಹೇಳುತ್ತಾನೆ, ರಥ ನಿಲ್ಲುತ್ತದೆ. ಒಂದು ಜೀವ ಉಳಿಯುತ್ತದೆ, ನಾಟಕ ಮುಂದುವರಿಯುತ್ತದೆ. ಆ ಗಳಿಗೆಯಲ್ಲಿ ರಥ ನಿಲ್ಲದೆ ಹೋಗಿದ್ದರೆ ಶಕುಂತಲೆಯ ಕಥೆ ಬೇರೊಂದೇ ಆಗುತ್ತಿದ್ದಿತು.

ವೇಗವನ್ನು ಹಾಡಿದವರು ಎಷ್ಟೋ ಮಂದಿ. ನಿಲ್ಲಿಸುವ ವಿದ್ಯೆಯನ್ನು ಕುರಿತು ಮಾತನಾಡಿದವರು ವಿರಳ. ಮೋಟಾರು ಕಾರಿನ ಚರಿತ್ರೆಯಲ್ಲಿಯೂ ಹೀಗೆಯೇ ಆಗಿದೆ. ಎಂಜಿನ್ನಿನ ಶಕ್ತಿ, ಮೈಯ ಬೆಡಗು, ಬಣ್ಣದ ಹೊಳಪು ಇವೆಲ್ಲ ಮಾತಿಗೆ ವಸ್ತುವಾಗುತ್ತವೆ. ಚಕ್ರದೊಳಗೆ ಧೂಳು ತಿಂದುಕೊಂಡು ಅಡಗಿರುವ ಬ್ರೇಕು ಮಾತಿಗೆ ಬರುವುದು ಅದು ಕೈಕೊಟ್ಟಾಗ ಮಾತ್ರ. ಆದರೆ ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವ ರಸಿಕರ ನಡುವೆ ಈ ಬ್ರೇಕಿನ ವಿಷಯವಾಗಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ಕಾರಿಗೆ ಹುಟ್ಟಿನಿಂದ ಬಂದ ಡ್ರಮ್ ಬ್ರೇಕನ್ನು ತೆಗೆದು ಈ ಕಾಲದ ಡಿಸ್ಕ್ ಬ್ರೇಕನ್ನು ಜೋಡಿಸಬಹುದೆ? ಜೋಡಿಸಿದ ಮೇಲೆ ಅದು ಅದೇ ಕಾರಾಗಿ ಉಳಿಯುತ್ತದೆಯೆ? ಮೇಲುನೋಟಕ್ಕೆ ಇದು ಮೆಕ್ಯಾನಿಕರ ಚರ್ಚೆ. ವಿಚಾರಿಸಿ ನೋಡಿದರೆ, ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಏನು ಎಂಬ ಪ್ರಶ್ನೆ ಇದರ ಹಿಂದೆ ಇದೆ. ಆ ಪ್ರಶ್ನೆ ನಮಗೆಲ್ಲರಿಗೂ ಸಂಬಂಧಿಸಿದ್ದು.

ಮಾತು ಗಾಳಿಯಲ್ಲಿ ತೇಲದಂತೆ ಒಂದು ಕಾರನ್ನೇ ಮುಂದಿಟ್ಟುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಲೋಕಕ್ಕೆ ಪರಿಚಯವಾಯಿತು. ಮುಂದೆ 1959ರಲ್ಲಿ 'ಮಿನಿ' ಎಂಬ ಪುಟ್ಟ ಕಾರನ್ನು ರೂಪಿಸಿ ಹೆಸರಾದ ಆಲೆಕ್ ಇಸಿಗೋನಿಸ್ ಇದರ ಶಿಲ್ಪಿ. ಯುದ್ಧದಿಂದ ಬಡವಾಗಿದ್ದ ನಾಡಿನ ಮಧ್ಯಮ ವರ್ಗದವರಿಗೆಂದು ಹುಟ್ಟಿದ ಈ ದುಂಡುಮೈಯ ಕಾರು, 1970ರ ದಶಕದ ಆರಂಭದವರೆಗೆ ಸುಮಾರು 16 ಲಕ್ಷದಷ್ಟು ತಯಾರಾಯಿತು. ನಮಗೂ ಇದು ತೀರ ಅಪರಿಚಿತವಲ್ಲ. ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆ ಇದನ್ನೇ 'ಬೇಬಿ ಹಿಂದುಸ್ಥಾನ್' ಎಂಬ ಹೆಸರಿನಲ್ಲಿ ಭಾರತದ ರಸ್ತೆಗಿಳಿಸಿತ್ತು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ನಮ್ಮ ಅಂಬಾಸಿಡರ್ ಕೂಡ ಇದೇ ಮನೆತನದ್ದು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿ ಅದರ ಮೂಲ.

ಮೊದಲ ಮಾರಿಸ್ ಮೈನರ್ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಓಡಿದರೂ ಗಂಟೆಗೆ ಸುಮಾರು 100 ಕಿಲೋಮೀಟರು ಮಾತ್ರ. ಬ್ರಿಟನ್ನಿನ ಮೊತ್ತಮೊದಲ ಮೋಟಾರ್‌ವೇ ಪ್ರೆಸ್ಟನ್ ಊರಿನ ಬಳಿ ತೆರೆದದ್ದು 1958ರ ಡಿಸೆಂಬರಿನಲ್ಲಿ, ಎಂದರೆ ಈ ಕಾರು ಹುಟ್ಟಿ ಹತ್ತು ವರ್ಷಗಳಾದ ಮೇಲೆ. ಹಳ್ಳಿಯ ಓಣಿ, ಸಣ್ಣ ಪೇಟೆ, ಸೈಕಲ್ಲು ಬಸ್ಸುಗಳ ಸಾವಧಾನದ ಸಂಚಾರ, ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕನ್ನು ಕೊಟ್ಟಿದ್ದರು. ಅಂದಿನ ರಸ್ತೆಗೆ ಅದು ಸಾಕಾಗಿತ್ತು. ಕಾರು ಅದೇ ಇದೆ. ಅದರ ಸುತ್ತಲಿನ ರಸ್ತೆ ಬದಲಾಗಿದೆ. ಮುಂದೆ ಹೋಗುತ್ತಿರುವ ಹೊಸ ಕಾರು ಥಟ್ಟನೆ ನಿಂತುಬಿಡುತ್ತದೆ. ಹಿಂದೆ ಬರುವ ಹಳೆಯ ಕಾರು ಹಾಗೆ ನಿಲ್ಲಲಾರದು. ನಮ್ಮ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲಿ.

ಕಾರನ್ನು ನಿಲ್ಲಿಸುವುದೆಂದರೆ ಏನು? ಓಟವನ್ನು ಬ್ರೇಕು ಇಲ್ಲವಾಗಿಸುವುದಿಲ್ಲ. ಪ್ರಕೃತಿಯಲ್ಲಿ ಯಾವ ಶಕ್ತಿಯೂ ಹಾಗೆ ಇಲ್ಲವಾಗದು. ಓಟವನ್ನು ಅದು ಶಾಖವಾಗಿ ಮಾರ್ಪಡಿಸುತ್ತದೆ, ಅಷ್ಟೆ. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿದ್ದಾಗ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 386 ಕಿಲೋಜೌಲು. ಒಂದು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಶಾಖ ಸಾಕು. ಅಡುಗೆಮನೆಯ ಒಲೆ ಕೆಲವು ನಿಮಿಷಗಳಲ್ಲಿ ಮಾಡುವ ಈ ಕೆಲಸವನ್ನು ಚಕ್ರದೊಳಗಿನ ಕಬ್ಬಿಣ ನಾಲ್ಕೈದು ಸೆಕೆಂಡುಗಳಲ್ಲಿ ಮಾಡಿ ಮುಗಿಸಬೇಕು. ವೇಗ ಅರ್ಧಕ್ಕಿಳಿದರೆ ಈ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ಬ್ರೇಕಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಬಿಸಿಯನ್ನು ಹೊರಹಾಕುವ ಉಪಾಯಗಳ ಚರಿತ್ರೆ.

ಡ್ರಮ್ ಬ್ರೇಕಿನ ಕ್ರಮವನ್ನು ಅರಿಯಲು ಕುಂಬಾರನ ತಿಗರಿಯನ್ನು ನೆನೆಯಬಹುದು. ತಿರುಗುತ್ತಿರುವ ಮಡಕೆಯ ಒಳಗೆ ಕೈಯಿಟ್ಟು ಎರಡು ಪಕ್ಕಕ್ಕೂ ಒತ್ತಿದರೆ ಮಡಕೆ ತಡೆದು ನಿಲ್ಲುವುದಷ್ಟೆ. ಚಕ್ರದ ಜತೆ ತಿರುಗುವ ಕಬ್ಬಿಣದ ಡ್ರಮ್ಮು ಇಲ್ಲಿ ಮಡಕೆ. ಅದರೊಳಗಿನ ಅರ್ಧಚಂದ್ರಾಕಾರದ ಎರಡು ಶೂಗಳು ಕುಂಬಾರನ ಕೈಗಳು. ಪೆಡಲನ್ನು ತುಳಿದಾಗ ಬ್ರೇಕ್ ಆಯಿಲಿನ ಒತ್ತಡದಿಂದ ಈ ಶೂಗಳು ಅಗಲಿ ಡ್ರಮ್ಮಿನ ಒಳಮೈಯನ್ನು ಉಜ್ಜುತ್ತವೆ. ಈ ಏರ್ಪಾಟಿನಲ್ಲಿ ಒಂದು ಜಾಣತನವಿದೆ. ತಿರುಗುವ ದಿಕ್ಕಿಗೆ ಮುಖ ಮಾಡಿದ ಶೂವನ್ನು ಡ್ರಮ್ಮೇ ತನ್ನ ಕಡೆಗೆ ಸೆಳೆದುಕೊಂಡು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಕಾಲಿನ ಬಲ ಕಡಮೆಯಾದರೂ ಹಿಡಿತ ಹೆಚ್ಚು. ಮೈನರಿನ ಮುಂಚಕ್ರಗಳಲ್ಲಿ ಎರಡು ಶೂಗಳನ್ನೂ ಹೀಗೆಯೇ ಇಟ್ಟಿದ್ದಾರೆ. ಧೂಳು ಕೆಸರುಗಳಿಗೆ ಮರೆ, ಕೈಬ್ರೇಕನ್ನು ಜೋಡಿಸಲು ಅನುಕೂಲ, ಬೆಲೆಯಲ್ಲಿ ಅಗ್ಗ. ಡ್ರಮ್ ಬ್ರೇಕು ಮೂಢರ ಸೃಷ್ಟಿಯಲ್ಲವೆಂಬುದನ್ನು ಅದನ್ನು ತೆಗೆದುಹಾಕಲು ಹೊರಟವರು ಮೊದಲು ತಿಳಿಯಬೇಕು.

ಆದರೆ ಆ ಮರೆಯೇ ಅದರ ದೋಷ. ಮುಚ್ಚಿದ ಪಾತ್ರೆಯಲ್ಲಿ ಹುಟ್ಟಿದ ಶಾಖಕ್ಕೆ ಹೊರದಾರಿ ಕಡಮೆ. ಮೇಲಿಂದ ಮೇಲೆ ಬ್ರೇಕು ಹಾಕಿದಾಗ ಲೈನಿಂಗು ಕಾದು ಅದರ ಉಜ್ಜುವ ಗುಣ ಕುಗ್ಗುತ್ತದೆ. ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಕೆಳಕ್ಕಿಳಿಯುತ್ತ ಹೋಗುತ್ತದೆ, ಕಾರು ಮಾತ್ರ ನಿಲ್ಲಲೊಲ್ಲದು. ನೀರು ಹೊಕ್ಕರೆ ಅದೂ ಬೇಗ ಹೊರಬಾರದು. ಆಗುಂಬೆ, ಚಾರ್ಮಾಡಿ, ಶಿರಾಡಿಗಳ ಇಳಿಜಾರನ್ನು ಬಲ್ಲ ನಮ್ಮ ಕಡೆಯ ಓದುಗರಿಗೆ ಈ ಸಂಕಟದ ವಿವರಣೆ ಹೆಚ್ಚು ಬೇಕಾಗದು. 1000 ಕಿಲೋಗ್ರಾಂ ತೂಕದ ಕಾರು ಘಟ್ಟದಲ್ಲಿ 500 ಮೀಟರು ಕೆಳಗಿಳಿಯುವುದಾದರೆ, ಆ ಇಳಿತದ ಶಕ್ತಿ ಗಂಟೆಗೆ 100 ಕಿಲೋಮೀಟರಿನ ವೇಗದಿಂದ ಹನ್ನೆರಡು ಹದಿಮೂರು ಸಲ ಪೂರ್ತಿ ನಿಲ್ಲಿಸಿದುದಕ್ಕೆ ಸಮ. ಇಷ್ಟನ್ನೂ ಬ್ರೇಕಿನ ಮೇಲೆಯೇ ಹೊರಿಸುವವನು ಡ್ರಮ್ಮನ್ನು ಒಲೆಯ ಮೇಲಿನ ಹಂಚನ್ನಾಗಿ ಮಾಡುತ್ತಾನೆ. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂದು ಅನುಭವಸ್ಥ ಚಾಲಕರು ಹೇಳುವ ಮಾತಿನಲ್ಲಿರುವ ವಿಜ್ಞಾನ ಇದೇ. ಆಗ ಭಾರದ ಒಂದು ಪಾಲನ್ನು ಎಂಜಿನ್ನು ಹೊತ್ತುಕೊಳ್ಳುತ್ತದೆ.

ಡಿಸ್ಕ್ ಬ್ರೇಕಿನ ರೀತಿ ಬೇರೆ. ಸೈಕಲ್ಲಿನ ಚಕ್ರದ ಅಂಚನ್ನು ಎರಡು ರಬ್ಬರು ತುಂಡುಗಳು ಎರಡು ಕಡೆಯಿಂದ ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿ ಚಕ್ರದ ಜತೆ ತಿರುಗುವ ಒಂದು ಕಬ್ಬಿಣದ ಬಿಲ್ಲೆ. ಕ್ಯಾಲಿಪರ್ ಎಂಬ ಹಿಡಿ ಅದನ್ನು ಎರಡು ಪ್ಯಾಡುಗಳ ನಡುವೆ ಹಿಸುಕುತ್ತದೆ. ಬಿಲ್ಲೆಯ ಬಹುಭಾಗ ಗಾಳಿಗೆ ತೆರೆದಿರುತ್ತದೆ. ಕಾದದ್ದು ಬೇಗ ಆರುತ್ತದೆ. ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಬಿದ್ದ ನೀರನ್ನು ತಿರುಗುವ ರಭಸದಲ್ಲಿ ಎಸೆದುಬಿಡುತ್ತದೆ.

ವಿಚಿತ್ರವೆಂದರೆ, ಇವೆರಡೂ ಹೆಚ್ಚು ಕಡಮೆ ಒಂದೇ ವಯಸ್ಸಿನವು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಢಿಗೆ ತಂದದ್ದು 1902ರಲ್ಲಿ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದದ್ದೂ ಅದೇ ವರ್ಷ. ಲ್ಯಾಂಚೆಸ್ಟರನ ಬಿಲ್ಲೆಗೆ ಒತ್ತಿದ ತಾಮ್ರ ಬೇಗ ಸವೆಯಿತು; ಅದರ ಕಿರುಚಾಟ ಕಿವಿಗೆ ಅಸಹ್ಯವಾಯಿತು. ಒಳ್ಳೆಯ ವಿಚಾರವೊಂದು ತಕ್ಕ ಸಾಮಗ್ರಿಯಿಲ್ಲದೆ ಅರ್ಧ ಶತಮಾನ ಕಾಯಬೇಕಾಯಿತು. 1949ರಲ್ಲಿ ಅಮೆರಿಕದ ಕ್ರಾಸ್ಲೀ ಎಂಬ ಪುಟ್ಟ ಕಾರು ಡಿಸ್ಕನ್ನು ತೊಟ್ಟು ಬಂದರೂ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅದನ್ನು ತಿಂದುಹಾಕಿದ್ದರಿಂದ ತಯಾರಕರು ಬಹುಬೇಗ ಡ್ರಮ್ಮಿಗೇ ಮರಳಿದರು. ಹೊಸದೆಲ್ಲವೂ ಮೇಲೆಂಬ ನಿಯಮವಿಲ್ಲ.

ವಿಮಾನಗಳಿಗೆ ಡಿಸ್ಕ್ ಬ್ರೇಕನ್ನು ಮಾಡಿ ಅನುಭವವಿದ್ದ ಡನ್ಲಪ್ ಸಂಸ್ಥೆ ಜಾಗ್ವಾರ್ ಕಂಪನಿಯೊಡನೆ ಸೇರಿ ಅದನ್ನು ಪಂದ್ಯದ ಕಾರುಗಳಿಗೆ ಹೊಂದಿಸಿತು. 1952ರಲ್ಲಿ ಸ್ಟರ್ಲಿಂಗ್ ಮಾಸ್ ಫ್ರಾನ್ಸಿನ ರೀಮ್ಸ್ ಪಂದ್ಯವನ್ನು ಅಂಥ ಕಾರಿನಲ್ಲಿ ಗೆದ್ದನು. ಮರುವರ್ಷ ಲೆ ಮಾನ್ ಊರಿನ 24 ಗಂಟೆಗಳ ಪಂದ್ಯದಲ್ಲಿ ಜಾಗ್ವಾರ್ ಕಾರುಗಳು ಮೊದಲ, ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆದವು. ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಇಬ್ಬರೂ ಸರದಿಯಲ್ಲಿ ನಡೆಸಿದ ಮೊದಲ ಕಾರಿನ ಸರಾಸರಿ ಗಂಟೆಗೆ 170 ಕಿಲೋಮೀಟರು. ತಡವಾಗಿ ಬ್ರೇಕು ಹಾಕಬಲ್ಲವನು ಹೆಚ್ಚು ದೂರ ವೇಗವಾಗಿ ಓಡಬಲ್ಲನು. ನಿಲ್ಲುವ ಶಕ್ತಿಯಿಂದಲೇ ಓಟದ ಶಕ್ತಿ ಬೆಳೆಯಿತೆಂಬುದು ಅಂದು ಎಲ್ಲರಿಗೂ ಕಂಡಿತು. 1955ರಲ್ಲಿ ಸಿಟ್ರೋಯೆನ್ ತನ್ನ ಡಿಎಸ್ ಕಾರಿನ ಮುಂಚಕ್ರಗಳಿಗೆ ಡಿಸ್ಕನ್ನು ಕೊಟ್ಟಾಗ ಅದು ಸಂಸಾರಸ್ಥರ ಕಾರಿಗೂ ಬಂದಂತಾಯಿತು.

ಅದೇ 1955ರ ಜೂನ್ 11ರಂದು ಲೆ ಮಾನ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮುಂದಿದ್ದ ಜಾಗ್ವಾರ್ ಪಕ್ಕದ ತಂಗುದಾಣಕ್ಕೆ ತಿರುಗಲೆಂದು ಬ್ರೇಕು ಹಾಕಿತು. ಅದರ ಹಿಂದಿದ್ದ ಆಸ್ಟಿನ್-ಹೀಲಿ ಡಿಕ್ಕಿ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಹೊರಳಿತು. ಅವೆರಡರ ಹಿಂದೆ ಇನ್ನೂ ಹೆಚ್ಚಿನ ವೇಗದಲ್ಲಿ ಬರುತ್ತಿದ್ದ ಪಿಯೇರ್ ಲೆವೆಘ್ ಎಂಬಾತನ ಮರ್ಸಿಡಿಸ್ ಅದಕ್ಕೆ ತಗುಲಿ ಮೇಲೆದ್ದು ಒಡೆದು ಜನಸಂದಣಿಯ ಮೇಲೆ ಬಿದ್ದಿತು. ಲೆವೆಘ್‌ನೊಡನೆ 80ಕ್ಕೂ ಹೆಚ್ಚು ಮಂದಿ ಪ್ರೇಕ್ಷಕರು ಸತ್ತರು. ಮರ್ಸಿಡಿಸ್ ಕಾರಿಗೆ ಇದ್ದುದು ಡ್ರಮ್ ಬ್ರೇಕು ಮತ್ತು ಗಾಳಿಯನ್ನು ತಡೆಯಲೆಂದು ಬೆನ್ನಮೇಲೆ ಏಳುವ ಒಂದು ಹಲಗೆ. ಬ್ರೇಕಿನ ಭೇದವೊಂದೇ ಈ ದುರಂತಕ್ಕೆ ಕಾರಣವೆಂದು ಹೇಳುವುದು ನ್ಯಾಯವಲ್ಲ. ವಿಚಾರಣೆಯಲ್ಲಿ ಯಾವ ಚಾಲಕನೂ ತಪ್ಪಿತಸ್ಥನೆಂದು ತೀರ್ಮಾನವಾಗಲಿಲ್ಲ. ಇಕ್ಕಟ್ಟಾದ ಆ ಹಳೆಯ ದಾರಿ ಹೊಸ ವೇಗಗಳಿಗೆ ತಕ್ಕುದಲ್ಲವೆಂದಾಯಿತು. ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ಒಂದೇ ದಾರಿಯಲ್ಲಿ ಓಡುವ ವಾಹನಗಳು ಬೇರೆ ಬೇರೆ ದೂರದಲ್ಲಿ ನಿಲ್ಲುವವಾದರೆ, ನಡುವಿನವನಿಗೂ ಅಂಚಿನಲ್ಲಿ ನಿಂತವನಿಗೂ ಅಪಾಯ ಹೆಚ್ಚುತ್ತದೆ. ಬ್ರೇಕು ಕಾರಿನ ಒಡೆಯನಿಗೆ ಮಾತ್ರ ಸೇರಿದ ವಸ್ತುವಲ್ಲ.

ಈಗ ಮಾರಿಸ್ ಮೈನರಿಗೆ ಮರಳೋಣ. 1971ರಲ್ಲಿ ಬಂದ ಮಾರಿಸ್ ಮರೀನಾ ತನ್ನ ಮುಂಚಕ್ರದ ಕಟ್ಟಡವನ್ನು ಬಹುಮಟ್ಟಿಗೆ ಮೈನರಿನಿಂದಲೇ ಎರವಲು ಪಡೆದಿತ್ತು. ಆದುದರಿಂದ ಮರೀನಾದ ಡಿಸ್ಕು ಕ್ಯಾಲಿಪರುಗಳನ್ನು ಮೈನರಿಗೆ ಹೊಂದಿಸಿಕೊಳ್ಳುವುದು ಸಾಧ್ಯವಾಯಿತು. ಮೊಮ್ಮಗನ ಕನ್ನಡಕವನ್ನು ಅಜ್ಜ ಹಾಕಿಕೊಂಡಂತೆ! ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳನ್ನು ಮಾತ್ರ ಬದಲಾಯಿಸುತ್ತಾರೆ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂಚಕ್ರಗಳದೇ. ಹಿಂದೆ ಡ್ರಮ್ಮು ಇದ್ದರೆ ಕೈಬ್ರೇಕು ಸುಲಭವಾಗಿ ಉಳಿಯುತ್ತದೆ.

ಆದರೆ ಚಕ್ರ ಬಿಚ್ಚಿ ಬಿಲ್ಲೆ ಕಟ್ಟಿದಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವವರು ಅಪಾಯವನ್ನು ಮನೆಗೆ ಕರೆದಂತೆ. ಡ್ರಮ್ಮು ಶೂವನ್ನು ತಾನೇ ಸೆಳೆದುಕೊಳ್ಳುತ್ತಿದ್ದಂತೆ ಬಿಲ್ಲೆ ಪ್ಯಾಡನ್ನು ಸೆಳೆದುಕೊಳ್ಳದು; ಹಿಡಿತದ ಬಲವೆಲ್ಲ ಚಾಲಕನ ಕಾಲಿನಿಂದ ಬರಬೇಕು. ಅದಕ್ಕಾಗಿ ಕ್ಯಾಲಿಪರಿನ ಪಿಸ್ಟನ್ನುಗಳು ದೊಡ್ಡವು. ದೊಡ್ಡ ಪಿಸ್ಟನ್ನಿಗೆ ಹೆಚ್ಚು ಆಯಿಲು ಬೇಕು. ಹಳೆಯ ಮಾಸ್ಟರ್ ಸಿಲಿಂಡರು ಅಷ್ಟನ್ನು ತಳ್ಳಲಾರದೆ ಹೋದರೆ ಪೆಡಲು ನೆಲ ಮುಟ್ಟುತ್ತದೆ. ದೊಡ್ಡ ಸಿಲಿಂಡರನ್ನು ಹಾಕಿದರೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಎಂಜಿನ್ನಿನ ನಿರ್ವಾತದಿಂದ ಕಾಲಿಗೆ ನೆರವಾಗುವ ಸರ್ವೋ ಬೇಕೆನಿಸುತ್ತದೆ. ಡ್ರಮ್ಮಿನ ಏರ್ಪಾಟಿನಲ್ಲಿ ಕೊಳವೆಯೊಳಗೆ ಸದಾ ಸ್ವಲ್ಪ ಒತ್ತಡ ಉಳಿಯುವಂತೆ ಒಂದು ಕವಾಟವಿರುವುದುಂಟು. ಅದೇ ಒತ್ತಡ ಡಿಸ್ಕಿನ ದಾರಿಯಲ್ಲಿ ಉಳಿದರೆ ಪ್ಯಾಡು ಬಿಲ್ಲೆಯನ್ನು ಬಿಡದೆ ಉಜ್ಜುತ್ತ ಕಾಯಿಸುತ್ತದೆ. ಮೈನರಿನ ಮಾಸ್ಟರ್ ಸಿಲಿಂಡರು ಚಾಲಕನ ಕಾಲ ಕೆಳಗೆ, ನೆಲಹಲಗೆಯ ಅಡಿಯಲ್ಲಿ ಅಡಗಿರುವುದರಿಂದ ಈ ಲೆಕ್ಕಾಚಾರಕ್ಕೆ ಇನ್ನಷ್ಟು ಎಚ್ಚರ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮುಂದು ಹಿಂದುಗಳ ಸಮತೋಲ. ಹಿಂಚಕ್ರಗಳು ಮೊದಲು ಬಿಗಿದು ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಆದುದರಿಂದ ಹಿಂದಕ್ಕೆ ಹೋಗುವ ಒತ್ತಡವನ್ನು ಕೆಲವು ಸಂದರ್ಭಗಳಲ್ಲಿ ಕವಾಟವಿಟ್ಟು ಇಳಿಸಬೇಕಾಗುತ್ತದೆ. ಸವೆದ ಟಯರಿನ ಮೇಲೆ ಎಂಥ ಬ್ರೇಕೂ ವ್ಯರ್ಥ. ಕೊನೆಗೆ ಕಾರನ್ನು ನಿಲ್ಲಿಸುವುದು ರಸ್ತೆಯನ್ನು ಹಿಡಿದ ಅಂಗೈಯಗಲದ ರಬ್ಬರು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳನ್ನು ಊದಿ ಹಾರಿಸುವುದು ಪುಪ್ಪುಸಕ್ಕೆ ವಿಷವನ್ನು ಬರಮಾಡಿಕೊಂಡಂತೆ. ಬ್ರಿಟನ್ನಿನಲ್ಲಿ ಉಳಿದಿದ್ದ ಬಿಳಿಯ ಆಸ್ಬೆಸ್ಟಾಸನ್ನೂ ನಿಷೇಧಿಸಿದ್ದು 1999ರಲ್ಲಿ. ಒಂದು ಅಂಗವನ್ನು ಮುಟ್ಟಿದರೆ ಇಡೀ ದೇಹ ಮಾತನಾಡುತ್ತದೆಂಬುದನ್ನು ವೈದ್ಯರು ಬಲ್ಲರು. ಈ ಕೆಲಸದ ನುರಿತ ಕೈಗಳೂ ಬಲ್ಲವು.

ಹಳೆಯದು ಹಳೆಯದಾಗಿಯೇ ಇರಲಿ ಎನ್ನುವವರ ಪಕ್ಷವನ್ನು ಹಗುರವಾಗಿ ಕಾಣಬಾರದು. ಅವರು ಹೇಳುವುದು ಹೀಗೆ: 1948ರ ಕಾರು 1948ರ ಮನುಷ್ಯ ಹೇಗೆ ಯೋಚಿಸಿದನೆಂಬುದಕ್ಕೆ ಸಾಕ್ಷಿ. ಅದರ ದುರ್ಬಲ ಬ್ರೇಕೂ ಆ ಸಾಕ್ಷ್ಯದ ಒಂದು ಭಾಗ. ದೂರ ಬಿಟ್ಟು ನಡೆಸುವ, ಮುಂದನ್ನು ಮೊದಲೇ ಊಹಿಸುವ ಸಂಯಮವನ್ನು ಅದು ಚಾಲಕನಿಗೆ ಕಲಿಸುತ್ತಿತ್ತು. ಒಂದನ್ನು ತಿದ್ದಿದರೆ ಇನ್ನೊಂದನ್ನು ತಿದ್ದುವ ಆಸೆ ಹುಟ್ಟುತ್ತದೆ. ಕೊನೆಗೆ ಹೆಸರೊಂದೇ ಹಳೆಯದಾಗಿ ಉಳಿಯುತ್ತದೆ. ಹಸ್ತಪ್ರತಿಯ ಪಾಠವನ್ನು ತನಗೆ ತೋಚಿದಂತೆ ತಿದ್ದುವ ಸಂಪಾದಕನನ್ನು ನಾವು ಒಪ್ಪುವೆವೆ? ಈ ವಾದದಲ್ಲಿ ಹುರುಳಿದೆ. ವಸ್ತುಸಂಗ್ರಹಾಲಯದಲ್ಲಿ ನಿಂತ ಕಾರಿನ ಮಟ್ಟಿಗೆ ಇದೇ ಕೊನೆಯ ಮಾತು.

ರಸ್ತೆಗಿಳಿದ ಕಾರಿನ ಪಾಡು ಬೇರೆ. ಹಸ್ತಪ್ರತಿ ತಪ್ಪಿದರೆ ಅರ್ಥ ಕೆಡುತ್ತದೆ. ಬ್ರೇಕು ತಪ್ಪಿದರೆ ದಾರಿಹೋಕನ ಜೀವ ಹೋಗುತ್ತದೆ. ಪೂಜೆ ನಡೆಯುತ್ತಿರುವ ಹಳೆಯ ಗುಡಿಯ ಬಿರುಕುಬಿಟ್ಟ ತೊಲೆಯನ್ನು ಬದಲಿಸುವವರು ಗುಡಿಯನ್ನು ಕೆಡಿಸಿದರೆಂದು ನಾವು ಹೇಳುವುದಿಲ್ಲ, ಜೀರ್ಣೋದ್ಧಾರವೆಂದು ಕರೆಯುತ್ತೇವೆ. ಬ್ರಿಟನ್ನಿನ ಸರಕಾರವೂ ಈ ವಿವೇಕವನ್ನು ಒಂದಿಷ್ಟು ತೋರಿಸಿದೆ. 40 ವರ್ಷ ದಾಟಿ, ಗಣನೀಯವಾಗಿ ಬದಲಾಗದೆ ಉಳಿದ ವಾಹನಗಳಿಗೆ 2018ರ ಮೇ ತಿಂಗಳಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಕೊಟ್ಟಾಗ, ಅಚ್ಚು ಮತ್ತು ಓಟದ ಭಾಗಗಳಲ್ಲಿ ಸುರಕ್ಷತೆಗಾಗಿ ಮಾಡಿದ ಸುಧಾರಣೆಯನ್ನು ಅಂಥ ಬದಲಾವಣೆಯೆಂದು ಎಣಿಸಬೇಕಾಗಿಲ್ಲವೆಂದು ಮಾರ್ಗಸೂಚಿಯಲ್ಲಿ ತಿಳಿಸಿತು. ಭಾರತದಲ್ಲಿ 2021ರಲ್ಲಿ ಬಂದ ನಿಯಮ 50 ವರ್ಷ ದಾಟಿದ ವಾಹನಗಳಿಗೆ ಪಾರಂಪರಿಕ ವಾಹನವೆಂಬ ಮನ್ನಣೆ ಕೊಡುವಾಗ, ಚಾಸಿ, ಮೈಗವಚ, ಎಂಜಿನ್ನುಗಳು ಮೂಲರೂಪದಲ್ಲಿರಬೇಕೆಂದು ಹೇಳುತ್ತದೆ. ಯಾವ ದೇಶದಲ್ಲಾದರೂ ಕೈಹಾಕುವ ಮುನ್ನ ಅಧಿಕಾರಿಗಳನ್ನು ವಿಚಾರಿಸುವುದು ಲೇಸು.

ಇಲ್ಲಿ ಎರಡು ನಿಯಮಗಳು ಸಾಕೆಂದು ತೋರುತ್ತದೆ. ಮೊದಲನೆಯದು, ಮಾಡಿದ್ದನ್ನು ಮತ್ತೆ ಹಿಂದಿನಂತೆ ಮಾಡಲು ಸಾಧ್ಯವಿರಬೇಕು. ಮೂಲದ ಲೋಹವನ್ನು ಕತ್ತರಿಸದೆ, ತೂತು ಕೊರೆಯದೆ, ಬಿಚ್ಚಿದ ಡ್ರಮ್ಮು ಶೂಗಳನ್ನು ಎಣ್ಣೆ ಸವರಿ ಹೆಸರು ಬರೆದು ತೆಗೆದಿಡಬೇಕು. ಮುಂದೊಬ್ಬನು ಮೂಲವನ್ನು ಕಾಣಬಯಸಿದರೆ ಅದು ಅವನಿಗೆ ಸಿಕ್ಕಬೇಕು. ಒಳ್ಳೆಯ ಸಂಪಾದಕ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು ಹೀಗೆಯೇ ಅಲ್ಲವೆ? ಎರಡನೆಯದು, ಅರೆಮನಸ್ಸಿನ ಬದಲಾವಣೆ ಬೇಡ. ಸಮತೋಲ ತಪ್ಪಿದ ಡಿಸ್ಕಿಗಿಂತ ಚೆನ್ನಾಗಿ ಹೊಂದಿಸಿದ ಡ್ರಮ್ಮು ಎಷ್ಟೋ ಮೇಲು. ಹೊಸ ಲೈನಿಂಗು, ಸರಿಯಾದ ಅಂತರ, ಕಾಲಕಾಲಕ್ಕೆ ಬದಲಿಸಿದ ಬ್ರೇಕ್ ಆಯಿಲು ಇವಿಷ್ಟಿದ್ದು, ಊರೊಳಗಿನ ದಾರಿಯಲ್ಲಿ ನಿಧಾನವಾಗಿ ಓಡುವ ಮೈನರಿಗೆ ಅದರ ಹುಟ್ಟುಬ್ರೇಕೇ ಸಾಕು. ಹೆದ್ದಾರಿಗೆ ಇಳಿಯುವವನು, ಘಟ್ಟ ಇಳಿಯುವವನು, ಎಂಜಿನ್ನಿಗೆ ಹೆಚ್ಚಿನ ಬಲ ಕೂಡಿಸಿದವನು ಮಾತ್ರ ಈ ಬದಲಾವಣೆಯನ್ನು ತನ್ನ ಇಷ್ಟಾನಿಷ್ಟದ ಪ್ರಶ್ನೆಯೆಂದು ತಿಳಿಯಬಾರದು.

ಕಾರಿನ ಬಣ್ಣ ಒಡೆಯನದು. ಸೀಟಿನ ಚರ್ಮ ಒಡೆಯನದು. ಎಂಜಿನ್ನಿನ ನಾದವೂ ಅವನದೇ. ಅವನ್ನು ಮೂಲದಂತೆ ಉಳಿಸಿಕೊಂಡು ಅವನು ಸಂತೋಷಪಡಲಿ, ನಾವೂ ನೋಡಿ ಸಂತೋಷಪಡೋಣ. ಬ್ರೇಕಿನ ಮೇಲೆ ಮಾತ್ರ ಇತರರಿಗೂ ಹಕ್ಕಿದೆ. ಶಾಲೆಯ ಮುಂದೆ ರಸ್ತೆ ದಾಟುವ ಹುಡುಗನಿಗೆ ಆ ಕಾರು ಯಾವ ಕಾಲದ್ದೆಂಬುದು ತಿಳಿಯದು. ಅದು ನಿಲ್ಲುತ್ತದೆಂದು ನಂಬಿ ಅವನು ಕಾಲಿಡುತ್ತಾನೆ. ಆ ನಂಬಿಕೆಗೆ ತಕ್ಕಂತೆ ತನ್ನ ಹಳೆಯ ಕಾರನ್ನು ಇಟ್ಟುಕೊಂಡಿರುವವನೇ ಅದರ ನಿಜವಾದ ರಕ್ಷಕ.